ಗಂಗಣ್ಣ ಆರಿಸಿದ ಹೋಟೆಲುಗಳು

ಒಂದು ಹೋಟೆಲು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಗಂಗಣ್ಣ ಒಳಗೆ ಹೋಗುತ್ತಿರಲಿಲ್ಲ. ಕಾರನ್ನು ರಸ್ತೆಯ ಈಚೆ ನೆರಳಲ್ಲಿ ನಿಲ್ಲಿಸಿ, ಬಾನೆಟ್ಟಿಗೆ ಒರಗಿ, ಕೈಕಟ್ಟಿಕೊಂಡು, ಊಟ ಮುಗಿಸಿ ಹೊರಗೆ ಬರುವವರನ್ನು ನೋಡುತ್ತಾ ನಿಲ್ಲುತ್ತಿದ್ದರು. ಗಂಡಸರು ಬೆಲ್ಟು ಸಡಿಲಿಸಿಕೊಂಡರೋ, ಹೆಂಗಸರು ಮಕ್ಕಳನ್ನು ಗದರಿಸುತ್ತಾ ಬಂದರೋ ನಗುತ್ತಾ ಬಂದರೋ, ಮೆಟ್ಟಿಲಿಳಿದವರು ಒಂದು ಗಳಿಗೆ ನಿಂತು ಮಾತಾಡಿದರೋ ಸೀದಾ ಆಟೋ ಕೂಗಿದರೋ, ಎಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು. ಅರ್ಧ ಗಂಟೆ ಹಾಗೆ ನಿಂತರೆ ತೀರ್ಪು ಸಿದ್ಧ. ಆ ತೀರ್ಪು ತಪ್ಪಿದ್ದನ್ನು ನಾನು ಕಂಡಿಲ್ಲ.

ಅವರ ಪೂರ್ತಿ ಹೆಸರು ಗಂಗಹನುಮಯ್ಯ. ಮಾಗಡಿಯಿಂದ ಕೆಂಪಾಪುರದ ಕಡೆಗೆ ಹೋಗುವ ದಾರಿಯಲ್ಲಿ ಅವರ ಊರು. ಹದಿನೈದು ವರ್ಷ ಮಾಗಡಿ ಬೆಂಗಳೂರು ನಡುವೆ ಖಾಸಗಿ ಬಸ್ಸು ಓಡಿಸಿ, ಆಮೇಲೆ ಬಿಡದಿಯ ಆಚೆ ನಮ್ಮ ಕಾರ್ಖಾನೆಗೆ ಡ್ರೈವರಾಗಿ ಬಂದಿದ್ದರು. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು ಅವು. ರಾಗಿ ಹೊಲಗಳಿದ್ದ ಕಡೆ ಒಂದರ ಪಕ್ಕ ಒಂದು ನೀಲಿ ತಗಡಿನ ಶೆಡ್ಡುಗಳು ಏಳುತ್ತಿದ್ದವು. ನಮ್ಮದು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆ. ತಿಂಗಳಿಗೆ ಎರಡು ಮೂರು ಸಲ ಜಪಾನಿನಿಂದಲೋ ಜರ್ಮನಿಯಿಂದಲೋ ಕೊರಿಯಾದಿಂದಲೋ ಅತಿಥಿಗಳು ಬರುತ್ತಿದ್ದರು. ಅವರನ್ನು ಕರೆದೊಯ್ಯುವ ಬಿಳಿ ಕಾರು ಗಂಗಣ್ಣನದು. ಆ ಅತಿಥಿಗಳು ಬೆಂಗಳೂರಿನಲ್ಲಿ ಎಲ್ಲಿ ಉಣ್ಣಬೇಕು ಎಂದು ಗೊತ್ತುಮಾಡುವ ಕೆಲಸ ನನ್ನದು.

ಆ ಕೆಲಸಕ್ಕೆ ನನಗೆ ಯಾವ ಯೋಗ್ಯತೆಯೂ ಇರಲಿಲ್ಲ. ಚನ್ನಪಟ್ಟಣದಲ್ಲಿ ಬಿ.ಕಾಂ. ಓದಿದವಳು, ದಿನವೂ ಅಲ್ಲಿಂದ ಬಸ್ಸಿನಲ್ಲಿ ಬಂದು ಆಡಳಿತ ವಿಭಾಗದಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಹೋಟೆಲೆಂದರೆ ಮಸಾಲೆ ದೋಸೆ ಎಂದೇ ತಿಳಿದಿದ್ದೆ. ನಮ್ಮ ಮ್ಯಾನೇಜರು ಬಾಯಿ ತೆರೆದರೆ "ಫೈನ್ ಡೈನಿಂಗ್" ಎನ್ನುತ್ತಿದ್ದರು. ಮೊದಲ ಸಲ ನಾನು ಇಂಗ್ಲಿಷ್ ಪತ್ರಿಕೆಯ ಪುರವಣಿಯಲ್ಲಿ ದೀಪ, ಗಾಜು, ಹೂವು ಚೆನ್ನಾಗಿ ಕಂಡ ಫೋಟೋ ನೋಡಿ ಒಂದು ಜಾಗ ಗೊತ್ತುಮಾಡಿದೆ. ಹೋದವರು ಮೂವರು. ವಯಸ್ಸಾದ ಜಪಾನಿ ಎಂಜಿನಿಯರ್ ಒಬ್ಬರು, ಜರ್ಮನಿಯವನೊಬ್ಬ, ಮುಂಬಯಿಯಿಂದ ಬಂದಿದ್ದ ಜೈನ ಆಡಿಟರ್ ಒಬ್ಬರು. ನೆಲದಡಿ ಬೆಳೆಯುವ ಯಾವುದನ್ನೂ ತಿನ್ನದ ಆಡಿಟರ್ ಮುಂದೆ ಬೇಯಿಸಿದ ಕ್ಯಾರೆಟ್ಟು ತಂದಿಟ್ಟರಂತೆ, ಅದರ ಮೇಲೂ ಈರುಳ್ಳಿ. ಮರುದಿನ ಮ್ಯಾನೇಜರು ಎಲ್ಲರೆದುರು ನನ್ನನ್ನು ನಿಲ್ಲಿಸಿಕೊಂಡು, ಹಳ್ಳಿಯವರಿಗೆ ಈ ಕೆಲಸ ಕೊಟ್ಟದ್ದು ತಮ್ಮದೇ ತಪ್ಪು ಎಂದರು.

ನಾನು ಹೊರಗೆ ಬಂದು ಪಾರ್ಕಿಂಗಿನ ಹುಣಸೆ ಮರದ ಕೆಳಗೆ ನಿಂತಿದ್ದೆ. ಗಂಗಣ್ಣ ಕಾರು ಒರೆಸುತ್ತಿದ್ದರು. ಅದುವರೆಗೂ ನನ್ನನ್ನು ಮೇಡಂ ಎನ್ನುತ್ತಿದ್ದವರು ಅವತ್ತು ಬಟ್ಟೆ ಹಿಂಡುತ್ತಲೇ ಹೇಳಿದರು: "ಆ ಹೋಟ್ಲು ಸರಿ ಇಲ್ಲ ಕಣವ್ವ. ಉಂಡೋರು ಬಾಗ್ಲಲ್ಲಿ ಒಸಿ ನಿಂತ್ಕಂಡು ಮಾತಾಡ್ಬೇಕು. ಅಲ್ಲಿ ಬಂದೋರು ಬಂದಂಗೇ ಓಡ್ತಾರೆ. ನಂಗೆ ನಿನ್ನೇನೇ ಗೊತ್ತಾಯ್ತು. ನನ್ನ ಯಾರು ಕೇಳ್ತಾರೆ ಅಂತ ಸುಮ್ಕಿದ್ದೆ."

ನಾನು ಕೇಳಿದೆ. ಕೇಳಿದ್ದೇ ತಡ, ಅವರೊಳಗೆ ಅಷ್ಟು ದಿನ ಕೂಡಿಟ್ಟದ್ದೆಲ್ಲ ಹೊರಗೆ ಬಂತು.

ಅತಿಥಿಗಳು ಒಳಗೆ ಕೂತಿರುವ ಎರಡು ಮೂರು ಗಂಟೆ ಉಳಿದ ಡ್ರೈವರುಗಳು ಸೀಟು ಹಿಂದಕ್ಕೆ ಬಾಗಿಸಿ ನಿದ್ದೆ ಮಾಡುತ್ತಿದ್ದರು. ಗಂಗಣ್ಣ ಹೋಟೆಲಿನ ಹಿಂದಿನ ಓಣಿಗೆ ಹೋಗುತ್ತಿದ್ದರು. ಬೀಡಿ ಸೇದಲು ಹೊರಗೆ ಬಂದ ಅಡುಗೆಯವರ ಜೊತೆ ಮಾತು, ಮೀನು ತಂದ ಟೆಂಪೋದವನ ಜೊತೆ ಮಾತು, ವಾಚ್‌ಮನ್ ಜೊತೆ ಮಾತು. ಅವರಲ್ಲಿ ಒಬ್ಬ ಒರಿಸ್ಸಾದವನು, ಒಬ್ಬ ನೇಪಾಳದವನು, ಒಬ್ಬ ಕುಂದಾಪುರದವನು. ಬಸ್ಸಿನ ದಿನಗಳಲ್ಲಿ ಕಲಿತ ಹರಕು ಹಿಂದಿ, ತಮಿಳು, ತೆಲುಗು ಗಂಗಣ್ಣನಿಗೆ ಸಾಕಾಗುತ್ತಿತ್ತು. ಎಲ್ಲಿ ಮೀನು ದಿನವೂ ಬರುತ್ತದೆ, ಎಲ್ಲಿ ವಾರಕ್ಕೊಮ್ಮೆ ಬಂದು ಐಸಿನಲ್ಲಿ ಮಲಗುತ್ತದೆ, ಎಲ್ಲಿ ಒಂದೇ ಬಾಣಲೆಯಲ್ಲಿ ಕೋಳಿಯೂ ಪನೀರೂ ಕರಿಯುತ್ತಾರೆ, ಯಾವ ಕಡೆಯ ಹಳೆಯ ಅಡುಗೆಯವನು ಜಗಳ ಮಾಡಿಕೊಂಡು ಯಾವ ಕಡೆಗೆ ಹೋದ, ಎಲ್ಲ ಅವರಿಗೆ ಗೊತ್ತಿತ್ತು. ಅತಿಥಿಗಳ ವಿಷಯವೂ ಅಷ್ಟೇ. ವಾಪಸು ಬರುವಾಗ ಕನ್ನಡಿಯಲ್ಲಿ ಅವರ ಮುಖ ನೋಡಿಯೇ, ಇವರಿಗೆ ಹೊಟ್ಟೆ ತುಂಬಿದೆಯೋ ಮರ್ಯಾದೆಗೆ ತುಂಬಿದೆ ಅನ್ನುತ್ತಿದ್ದಾರೋ ಹೇಳಿಬಿಡುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಅವರೇ ನನ್ನನ್ನು ಇಂದಿರಾನಗರ, ಕೋರಮಂಗಲ, ರೆಸಿಡೆನ್ಸಿ ರಸ್ತೆಗಳಲ್ಲಿ ಸುತ್ತಿಸಿದರು. ಕಾರಿನಿಂದ ಇಳಿಯಲೂ ಇಲ್ಲ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಇದು ಇಟಲಿಯವರ ಊಟ, ಜರ್ಮನಿಯವರನ್ನು ಕಳಿಸಬಹುದು. ಇದು ಮಾರವಾಡಿಗಳದು, ಈರುಳ್ಳಿ ಬೆಳ್ಳುಳ್ಳಿ ಒಳಗೇ ಬರುವುದಿಲ್ಲ. ಇದರಲ್ಲಿ ಬೋರ್ಡು ಮಾತ್ರ ಜಪಾನಿನದು, ಅಡುಗೆ ಚೀನಾದ್ದು, ಜಪಾನಿನವರು ಬೇಜಾರಾಗುತ್ತಾರೆ. ಇವುಗಳಲ್ಲಿ ಎಷ್ಟು ಕಡೆ ಉಂಡಿದ್ದೀರಿ ಗಂಗಣ್ಣ ಎಂದು ಕೇಳಿದೆ. ಒಂದು ಕಡೆಯೂ ಇಲ್ಲವೆಂದರು. ಸೀಟಿನ ಪಕ್ಕದಲ್ಲಿ ಅವರ ಊಟದ ಕ್ಯಾರಿಯರ್ ಇತ್ತು. ಅದರಲ್ಲಿ ಮುದ್ದೆ, ಹುರುಳಿ ಸಾರು. "ಒಳೀಕೆ ಹೋದ್ರೆ ಒಂದ್ ಹೋಟ್ಲು ಗೊತ್ತಾಯ್ತದೆ ಕಣವ್ವ. ಈಚೆಗಿದ್ರೆ ಊರಿನ್ ಹೋಟ್ಲೆಲ್ಲಾ ಗೊತ್ತಾಯ್ತವೆ," ಎಂದು ನಕ್ಕರು. ಆ ನಗುವಿನಲ್ಲಿ ಕೊರಗು ಇರಲಿಲ್ಲ. ಹೆಮ್ಮೆ ಇತ್ತು.

ಅದಾದ ಮೇಲೆ ಮೂರು ವಾರಕ್ಕೆಂದು ಬಂದ ಕೊರಿಯಾದ ಯುವಕನೊಬ್ಬ ಯಾವ ಹೋಟೆಲಿನಲ್ಲೂ ಸರಿಯಾಗಿ ತಿನ್ನದೆ ಸೊರಗುತ್ತಿದ್ದ. ಗಂಗಣ್ಣ ಬೇರೆ ಕಾರ್ಖಾನೆಯ ಡ್ರೈವರುಗಳನ್ನು ವಿಚಾರಿಸಿ, ಬೋರ್ಡೂ ಇಲ್ಲದ ಒಂದು ಮಹಡಿ ಮನೆ ಪತ್ತೆ ಮಾಡಿದರು. ಅಲ್ಲಿ ಕೊರಿಯಾದ ಹೆಂಗಸೊಬ್ಬರು ತಮ್ಮ ದೇಶದವರಿಗೆ ಅಡುಗೆ ಮಾಡಿ ಬಡಿಸುತ್ತಿದ್ದರು. ಆ ಯುವಕ ಉಂಡು ಕೆಳಗೆ ಬಂದವನು ಗಂಗಣ್ಣನ ಎದುರು ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದನಂತೆ. "ನಮ್ಮಪ್ಪಂಗೂ ನಾನು ಹಂಗೆ ಬಗ್ಗಿಲ್ಲ ಕಣವ್ವ," ಎಂದು ಅದನ್ನು ಹೇಳುವಾಗ ಗಂಗಣ್ಣನ ದನಿ ಸಣ್ಣಗಾಗಿತ್ತು.

ನೋಟ್‌ಬುಕ್ಕಿನಲ್ಲಿ ಬರೆದದ್ದನ್ನೆಲ್ಲ ನಾನು ಇಂಗ್ಲಿಷಿಗೆ ಹಾಕಿ, ಯಾವ ದೇಶದವರಿಗೆ ಯಾವ ಹೋಟೆಲು ಎಂದು ವಿಂಗಡಿಸಿ, ಟೈಪು ಮಾಡಿ ಮ್ಯಾನೇಜರಿಗೆ ಕೊಟ್ಟೆ. ಕೊಡುವ ಮೊದಲು ಗಂಗಣ್ಣನಿಗೆ ಹೇಳಿದೆ, ನಿಮ್ಮ ಹೆಸರೂ ಹಾಕುತ್ತೇನೆ ಎಂದು. "ಡ್ರೈವರ್ ಹೇಳಿದ್ದು ಅಂದ್ರೆ ಯಾರವ್ವ ಹೋಯ್ತಾರೆ ಆ ಹೋಟ್ಲಿಗೆ," ಎಂದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಪಟ್ಟಿಯ ಕೆಳಗೆ ನನ್ನ ಹೆಸರೊಂದೇ ಇತ್ತು. ಮ್ಯಾನೇಜರು ಅದನ್ನು ಅಂದದ ಕಿರುಪುಸ್ತಕವಾಗಿ ಅಚ್ಚು ಹಾಕಿಸಿದರು. ಚೆನ್ನೈನ ಶಾಖೆಯವರೂ ತರಿಸಿಕೊಂಡರು. ಆ ವರ್ಷ ನನಗೆ ಬಡ್ತಿ ಸಿಕ್ಕಿತು, ಕೂರಲು ಗಾಜಿನ ಕೋಣೆಯೂ ಸಿಕ್ಕಿತು.

ಹಯಾಶಿ ಎಂಬ ಜಪಾನಿ ಅಧಿಕಾರಿ ಮೂರು ವರ್ಷ ನಮ್ಮಲ್ಲಿದ್ದು ಊರಿಗೆ ಮರಳುವವರಿದ್ದರು. ಇಷ್ಟು ವರ್ಷ ತಮಗೆ ಒಳ್ಳೆಯ ಊಟ ಹುಡುಕಿಕೊಟ್ಟವಳಿಗೆ ತಾವೇ ಊಟ ಹಾಕಬೇಕೆಂದು ಒಂದು ಭಾನುವಾರ ಮಧ್ಯಾಹ್ನ ನನ್ನನ್ನೂ ಮ್ಯಾನೇಜರನ್ನೂ ಕರೆದರು. ನನ್ನ ಪಟ್ಟಿಯಲ್ಲಿ ಮೊದಲನೆಯದಾಗಿದ್ದ ಹೋಟೆಲೇ ಆಗಬೇಕೆಂದರು. ಗಂಗಣ್ಣ ಕಾರು ಓಡಿಸಿದರು. ಹೊಸದಾಗಿ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿದ್ದರು.

ಹೋಟೆಲಿನ ಬಾಗಿಲಲ್ಲಿ ಇಳಿದಾಗ ಹಯಾಶಿ ಗಂಗಣ್ಣನತ್ತ ತಿರುಗಿ, ನೀವೂ ಬನ್ನಿ ಎಂದು ಕೈ ತೋರಿಸಿದರು. ಬಾಗಿಲು ಕಾಯುತ್ತಿದ್ದ ಕೋಟಿನ ಹುಡುಗಿ, ಡ್ರೈವರುಗಳಿಗೆ ಕೆಳಗೆ ನೆಲಮಾಳಿಗೆಯಲ್ಲಿ ಊಟ ಇದೆ ಎಂದಳು. ಹಯಾಶಿ ನನ್ನ ಮುಖ ನೋಡಿದರು. ನಾನು ಇವರೂ ನಮ್ಮ ಅತಿಥಿ ಎಂದಿದ್ದರೆ ಆ ಹುಡುಗಿ ಸರಿದು ದಾರಿ ಬಿಡುತ್ತಿದ್ದಳು. ಮ್ಯಾನೇಜರು ಪಕ್ಕದಲ್ಲಿದ್ದರು. ಗಂಗಣ್ಣ ಮೇಜಿಗೆ ಬಂದು ಕೂತರೆ ಏನೇನು ಮಾತು ಬರಬಹುದೆಂದು ನನಗೆ ಭಯವಾಯಿತು. ಅವರಿಗೆ ಕಾರಿನ ಹತ್ತಿರ ಇರುವುದೇ ಇಷ್ಟ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಗಂಗಣ್ಣನಿಗೆ ಇಂಗ್ಲಿಷ್ ಆಡಲು ಬಾರದಿದ್ದರೂ ಅರ್ಥವಾಗುತ್ತಿತ್ತು. "ಯೆಸ್ ಸಾರ್," ಎಂದು ಹಯಾಶಿಗೆ ಹೇಳಿ ಕಾರಿನ ಕಡೆಗೆ ಹೋದರು.

ಒಳಗೆ ಹಯಾಶಿ ಕೇಳಿದ ಪ್ರಶ್ನೆ ಒಂದೇ. ಇಷ್ಟು ದೊಡ್ಡ ನಗರದಲ್ಲಿ, ಇಷ್ಟು ದೇಶಗಳ ಅಡುಗೆಯ ನಡುವೆ, ಇದು ಒಳ್ಳೆಯದು ಎಂದು ಹೇಗೆ ಗೊತ್ತುಮಾಡುತ್ತೀರಿ? ಮ್ಯಾನೇಜರು ನನ್ನನ್ನೇ ನೋಡುತ್ತಿದ್ದರು. ನಾನು ಗಂಗಣ್ಣ ಹೇಳಿದ್ದನ್ನೆಲ್ಲ ಹೇಳಿದೆ. ಹೊರಗೆ ಬರುವವರನ್ನು ನೋಡುತ್ತೇನೆ ಎಂದೆ, ಉಂಡವರು ಬಾಗಿಲಲ್ಲಿ ನಿಂತು ಮಾತಾಡಬೇಕು ಎಂದೆ, ಹಿಂದಿನ ಓಣಿಗೆ ಹೋಗಿ ಅಡುಗೆಯವರನ್ನು ಮಾತಾಡಿಸುತ್ತೇನೆ ಎಂದೆ. ನೋಡುತ್ತೇನೆ, ಹೋಗುತ್ತೇನೆ, ಮಾತಾಡಿಸುತ್ತೇನೆ. ಹಯಾಶಿ ಚಾಪ್‌ಸ್ಟಿಕ್ ಕೆಳಗಿಟ್ಟು ಕೇಳಿಸಿಕೊಂಡರು.

ವಾಪಸು ಬರುವಾಗ ಅವರು ಬಹಳ ಖುಷಿಯಲ್ಲಿದ್ದರು. ಹಿಂದಿನ ಸೀಟಿನಲ್ಲಿ ಮ್ಯಾನೇಜರ ಜೊತೆ ಅದನ್ನೇ ಮತ್ತೆ ಎತ್ತಿಕೊಂಡರು. ಉಂಡವರು ಬಾಗಿಲಲ್ಲಿ ನಿಂತು ಮಾತಾಡಬೇಕು, ಎಂಥ ಮಾತು, ಈ ಹುಡುಗಿಯ ಬುದ್ಧಿ ನಮ್ಮ ಎಂಜಿನಿಯರುಗಳಿಗೂ ಇಲ್ಲ ಎಂದರು. ನಾನು ಮುಂದಿನ ಸೀಟಿನಲ್ಲಿದ್ದೆ. ಗಂಗಣ್ಣ ಗೇರು ಬದಲಾಯಿಸಿದರು. ಕೆಂಗೇರಿ ದಾಟಿತು, ಬಿಡದಿ ಬಂತು. ನಾನು ಅವರ ಕಡೆ ಒಂದು ಸಲವೂ ತಿರುಗಲಿಲ್ಲ. ಅವರೂ ತಿರುಗಲಿಲ್ಲ.

ಮರುದಿನದಿಂದ ನಾನು ಮತ್ತೆ ಮೇಡಂ ಆದೆ. ಜಗಳವಿಲ್ಲ, ಕೊಂಕಿಲ್ಲ. ಕರೆದರೆ ಬರುತ್ತಿದ್ದರು, ಹೇಳಿದ ಕಡೆ ಹೋಗುತ್ತಿದ್ದರು. ಹೊಸ ಹೋಟೆಲುಗಳ ಬಗ್ಗೆ ಕೇಳಿದರೆ, ತಾವು ಈಗ ಗಾಡಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು. ಅತಿಥಿಗಳು ಒಳಗಿರುವಾಗ ಅವರೂ ಈಗ ಸೀಟು ಹಿಂದಕ್ಕೆ ಬಾಗಿಸಿ ಕಣ್ಣುಮುಚ್ಚುತ್ತಿದ್ದರೆಂದು ಇನ್ನೊಬ್ಬ ಡ್ರೈವರು ಹೇಳಿದ. ನನ್ನ ಪಟ್ಟಿ ಹಳತಾಗತೊಡಗಿತು. ಅಡುಗೆಯವರು ಬದಲಾದರು, ಕೆಲವು ಹೋಟೆಲುಗಳು ಮುಚ್ಚಿದವು. ನಾನು ಮತ್ತೆ ಫೋಟೋ ನೋಡಿ ಆರಿಸತೊಡಗಿದೆ.

ಎರಡು ವರ್ಷದ ಮೇಲೆ ಕಂಪನಿ ತನ್ನ ಕಾರುಗಳನ್ನು ಮಾರಿ, ಓಡಾಟವನ್ನೆಲ್ಲ ಟ್ರಾವೆಲ್ಸಿನವರಿಗೆ ವಹಿಸಲು ತೀರ್ಮಾನಿಸಿತು. ಕಾರ್ಖಾನೆಯ ಸರಕಿನ ವ್ಯಾನಿಗೆಂದು ಹಳೆಯ ಡ್ರೈವರುಗಳಲ್ಲಿ ಇಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು. ಗಂಗಹನುಮಯ್ಯನನ್ನು ಉಳಿಸಿಕೊಳ್ಳಲು ವಿಶೇಷ ಕಾರಣ ಏನಾದರೂ ಇದೆಯೇ ಎಂದು ಮ್ಯಾನೇಜರು ನನ್ನನ್ನು ಕೇಳಿದರು. ಕಾರಣ ಹೇಳಿದರೆ ಆ ಕಿರುಪುಸ್ತಕದ ಕಥೆ ಹೇಳಬೇಕಾಗುತ್ತಿತ್ತು. ವಿಶೇಷವೇನೂ ಇಲ್ಲ ಸರ್ ಎಂದೆ. ಅದನ್ನು ಹೇಳಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಕೊನೆಯ ದಿನ ಅವರು ಅನುಭವ ಪತ್ರಕ್ಕಾಗಿ ನನ್ನ ಗಾಜಿನ ಕೋಣೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. ನಾನು ಟೈಪು ಮಾಡುತ್ತಾ, ಅತಿಥಿಗಳ ಊಟದ ಏರ್ಪಾಟಿನಲ್ಲೂ ಬಹಳ ನೆರವಾಗಿದ್ದಾರೆ ಎಂದು ಒಂದು ಸಾಲು ಸೇರಿಸುತ್ತೇನೆ ಗಂಗಣ್ಣ ಎಂದೆ. ಅವರು ಗೋಡೆಯ ಕಡೆ ನೋಡುತ್ತಾ ಹೇಳಿದರು: "ಅದು ನಿಮ್ ಕೆಲ್ಸ ಮೇಡಂ. ನಂದು ಗಾಡಿ ಓಡ್ಸೋದು. ಡ್ರೈವರ್ ಅಂತ ಬರೀರಿ, ಸಾಕು."

ಹಾಗೆಯೇ ಬರೆದು ಸಹಿ ಮಾಡಿ ಕೊಟ್ಟೆ. ಕಾಗದವನ್ನು ಎರಡು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಬತ್ತೀನಿ ಎಂದೂ ಹೇಳದೆ ಹೋದರು. ಅವರನ್ನು ನಾನು ಕಂಡದ್ದು ಅದೇ ಕೊನೆ.

ಮತ್ತೆ ಮೂರು ನಾಲ್ಕು ವರ್ಷ ಕಳೆದ ಮೇಲೆ, ಅವರು ಎದೆನೋವಿನಿಂದ ತೀರಿಕೊಂಡರೆಂಬ ಸುದ್ದಿ ಬಂತು. ತಿಥಿಯೂ ಮುಗಿದುಹೋಗಿತ್ತು. ಒಂದು ಭಾನುವಾರ ರಾಮನಗರದಿಂದ ಮಾಗಡಿ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವರ ಊರಿಗೆ ಹೋದೆ. ತೆಂಗಿನ ತೋಟದ ಅಂಚಿನಲ್ಲಿ ಹೆಂಚಿನ ಮನೆ. ಅವರ ಹೆಂಡತಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಹೆಸರು ಹೇಳಿದೆ. ಅವರಿಗೆ ಗುರುತು ಹತ್ತಲಿಲ್ಲ. ಫ್ಯಾಕ್ಟರಿಯ ಆಫೀಸಿನವಳು ಎಂದೆ. ಆಫೀಸಿನವರ ಹೆಸರನ್ನು ಮನೆಯಲ್ಲಿ ಎತ್ತುತ್ತಲೇ ಇರಲಿಲ್ಲವಮ್ಮ ಎಂದರು. ಅಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಹೊರದೇಶದಿಂದ ಬಂದವರಿಗೆ ಊಟಕ್ಕೆ ಹೋಟೆಲು ಗೊತ್ತುಮಾಡುತ್ತಿದ್ದೆ ಎಂದೆ. ಅದೂ ಒಂದು ಕೆಲಸವೇ ಎಂಬಂತೆ ನನ್ನನ್ನು ನೋಡಿ, ಕೈತೊಳೆದು ಬನ್ನಿ, ಉಂಡುಕೊಂಡು ಹೋಗುವಿರಂತೆ ಎಂದು ಒಳಗೆ ಎದ್ದು ಹೋದರು.

ತಟ್ಟೆ ಮುಂದಿಟ್ಟು ಮುದ್ದೆ ಇಡುತ್ತಾ ಆಕೆ ಹೇಳಿದರು: "ಕೆಲ್ಸ ಬುಟ್ಟು ಬಂದ್ಮೇಲೆ ಒಂದ್ಸಲ ಕೇಳಿದ್ದೆ ಕಣವ್ವ. ಬೆಂಗ್ಳೂರಲ್ಲಿ ಅಷ್ಟ್ ವರ್ಸ ತಿರುಗ್ದೋರು, ನನ್ನೂ ಒಂದಿನ ಒಳ್ಳೆ ಹೋಟ್ಲಿಗೆ ಕರ್ಕಂಡೋಗಿ ಅಂತ. ಯಾವ್ದು ಒಳ್ಳೇದೋ ನಂಗೇನ್ ಗೊತ್ತು, ನಾನ್ ಗಾಡಿಯೋನು ಅಂದ್ಬುಟ್ರು." ಸಾರಿನ ಸೌಟು ಎತ್ತಿಕೊಂಡರು. "ನೀವು ಅದೇ ಕೆಲ್ಸದಲ್ಲಿದ್ದೋರು. ನಿಮಗ್ ಗೊತ್ತಿರ್ಬೇಕಲ್ವಾ? ಅಲ್ಲಿ ಯಾವ್ದು ಒಳ್ಳೇದು?"

ಮನಸ್ಸಿಗೆ ಬಂದ ಹೆಸರುಗಳೆಲ್ಲ ಗಂಗಣ್ಣ ಹೇಳಿಕೊಟ್ಟವೇ. ಒಂದನ್ನೂ ನಾನಾಗಿ ಕಂಡುಕೊಂಡದ್ದಲ್ಲ.

ನನಗೂ ಗೊತ್ತಿಲ್ಲಮ್ಮ ಎಂದೆ.

ಹೌದಾ ಎಂದು ಆಕೆ ತಲೆದೂಗಿ, ಮುದ್ದೆಯ ಮೇಲೆ ಸಾರು ಬಿಟ್ಟರು.