ಅಟ್ರಾಕ್ಟಾಳ ಹರಕೆ
ಐರ್ಲೆಂಡಿನ ನಮ್ಮ ಲೀಟ್ರಿಮ್ ಕೌಂಟಿಯ ಫುಟ್‌ಬಾಲ್ ತಂಡ ಗೆಲ್ಲುವುದು ಅಪರೂಪ. ಅಟ್ರಾಕ್ಟಾ ಗಿಲ್‌ಹೀನಿ ಪಂದ್ಯ ತಪ್ಪಿಸುವುದು ಅದಕ್ಕಿಂತ ಅಪರೂಪ. ಪಂದ್ಯಗಳ ಕಾಲ ಬಂತೆಂದರೆ ಆಕೆಯ ಗೇಟಿಗೆ ಹಸಿರು ಹೊಂಬಣ್ಣದ ಬಾವುಟ ಏರುತ್ತದೆ. ಬಂಧುಗಳು ಆಕೆಯನ್ನು ಕೇಳದೆ ಮದುವೆಯ ದಿನ ಗೊತ್ತುಮಾಡುವಂತಿಲ್ಲ. ಸಾಯಹೊರಟವರೂ ಸೋಮವಾರದವರೆಗೆ ಜೀವ ಹಿಡಿದುಕೊಂಡಿರಬೇಕು. ಮೈದಾನದ ಹೊರಗೆ ಕಾರಿನ ಡಿಕ್ಕಿ ತೆರೆದು ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಎದುರಾಳಿಗಳ ಕಡೆಯವರಿಗೂ ಹಂಚುತ್ತಾಳೆ, ಒಳಗೆ ಹೋದಮೇಲೆ ರೆಫರಿಯ ಏಳು ತಲೆಮಾರನ್ನು ಜಾಲಾಡುತ್ತಾಳೆ. “ಈ ಸಲನಾದ್ರೂ ಮಾನ ಉಳಿಯುತ್ತಾ, ಅಟ್ರಾಕ್ಟಾ?” ಎಂದು ಮಾಂಸದಂಗಡಿಯ ಓಯಿನ್ ಕೆಣಕಿದರೆ, “ಸೋತಿದ್ದು ಹೋದ್ವರ್ಷದ ತಂಡ ಕಣೋ. ಬಾಯ್ಮುಚ್ಕೊಂಡು ಸಾಸೇಜ್ ಕಟ್ಟು” ಎನ್ನುತ್ತಾಳೆ. ಈ ಭಾನುವಾರದ ಎದುರಾಳಿ ಪಕ್ಕದ ರಾಸ್ಕಾಮನ್. ಮಗಳನ್ನು ಕೊಟ್ಟದ್ದು ಅಲ್ಲಿಗೇ. ಮಗಳ ಮಗ ಡೆಕ್ಲನ್ ಅಲ್ಲಿನ ಹೊಸ ಗೋಲ್‌ಕೀಪರ್. “ಅಮ್ಮಾ, ಇದೊಂದ್ಸಲ ಬಾವುಟ ಬಿಟ್ಟು ಬಾ” ಎಂದು ಮಗಳು ಫೋನಿನಲ್ಲಿ ಗೋಗರೆದಳು. “ಕೊನೇ ಸೀಟಿ ಊದೋವರೆಗೂ ನಂಗೆ ಮೊಮ್ಮಗನೇ ಇಲ್ಲ” ಎಂದು ಅಟ್ರಾಕ್ಟಾ ಫೋನಿಟ್ಟಳು. ನಮ್ಮ ಐರಿಶ್ ಫುಟ್‌ಬಾಲಿನಲ್ಲಿ ಚೆಂಡು ಗೋಲಿನ ಅಡ್ಡಪಟ್ಟಿಯ ಮೇಲೆ ಹಾರಿದರೂ ಅಂಕ ಸಿಗುತ್ತದೆ, ಅದಕ್ಕೆ ಗೋಲ್‌ಕೀಪರನನ್ನು ಯಾರೂ ದೂರುವುದಿಲ್ಲ. ಕೆಳಗೆ ಬಲೆಗೆ ಬಿದ್ದರೆ ಮಾತ್ರ ಅವಮಾನವೆಲ್ಲ ಅವನದೇ. ಪಂದ್ಯದ ಮುನ್ನಾದಿನ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವುದು ಆಕೆಯ ರೂಢಿ. ಈ ಶನಿವಾರವೂ ಹಚ್ಚಿ, ಮೊಣಕಾಲೂರಿ, ಆಕೆ ಪಿಸುಗುಟ್ಟಿದ್ದು ಹಿಂದಿನ ಸಾಲಿನವರಿಗೆಲ್ಲ ಕೇಳಿಸಿತು: “ಮರಿಯಾ ತಾಯೀ, ಗೆಲ್ಲೋದು ನಾವೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಚೆಂಡೆಲ್ಲಾ ಮೇಲಿಂದ್ಲೇ ಹೋಗ್ಲಿ.”