ಸೊಳ್ಳೆಯ ಹೊಟ್ಟೆಯಲ್ಲಿ ಯಾರ ರಕ್ತ

ನಮ್ಮ ಮನೆಯ ಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟುವ ಜಾಗ, ಅದರಾಚೆ ಕಟ್ಟೆ, ಕಟ್ಟೆಯ ಮೇಲೆ ನಾವು ಮಲಗುವುದು. ಅಪ್ಪ ತೀರಿದ ಮೇಲೆ ಅಣ್ಣ ಮನೆಯ ನಡುವೆ ಗೋಡೆ ಎಬ್ಬಿಸಿದ. ಗೋಡೆ ಜಂತಿಯವರೆಗೆ ಏರಲಿಲ್ಲ, ಮೇಲೆ ಮೊಳದಷ್ಟು ಸಂದು ಉಳಿಯಿತು. ಅವನು ತನ್ನ ಪಾಲಿನ ಎತ್ತು ಮಾರಿ ಟ್ರ್ಯಾಕ್ಟರ್ ತಂದ, ಎತ್ತಿದ್ದಲ್ಲಿ ಟೈಲ್ಸ್ ಹಾಕಿಸಿ ಮಗ-ಸೊಸೆಗೆ ಮಂಚ ಇಟ್ಟ. ನಾನು ಐದನೇ ಇಯತ್ತೆಗೇ ಸಾಲಿ ಬಿಟ್ಟು ಎತ್ತಿನ ಹಿಂದೆ ಬೆಳೆದವ. ನನ್ನ ಎತ್ತಿನ ಜೋಡಿ ನನ್ನ ಮನೆಯೊಳಗೇ ಇತ್ತು.

ಕಳೆದ ಮಳೆಗಾಲದಲ್ಲಿ ಆ ಸೊಸೆಗೆ ಚಳಿಜ್ವರ ಬಂತು. ಬಸಿರಿ ಹುಡುಗಿ. ಯರಗಟ್ಟಿ ದವಾಖಾನೆಯಲ್ಲಿ ರಕ್ತ ನೋಡಿ ಮಲೇರಿಯಾ ಅಂದರು.

ಅಣ್ಣ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಒದರಿದ: "ನಿನ್ನ ಎತ್ತಿನ ಸೊಳ್ಳಿ ನನ್ನ ಸೊಸೀನ ತಿನ್ನಾಕ ಹತ್ಯಾವು! ಹೊರಗ ಹಾಕು ಆ ಎತ್ತನ್ನ."

"ನೀ ಎತ್ತು ಮಾರಿದಿ, ಸೊಳ್ಳಿಗೆ ಊಟ ತಪ್ಪಿತು. ಈಗ ನಿನ್ನ ಮಂಚಕ್ಕ ಬರತಾವು. ನಾ ಏನ್ ಮಾಡ್ಲಿ?" ಅಂದೆ.

ಔಷಧಿ ಹೊಡೆಯಲು ಆರೋಗ್ಯ ಇಲಾಖೆಯವನೊಬ್ಬ ಬಂದ. ಎತ್ತುಗಳ ಹಿಂದಿನ ಗೋಡೆಗೆ ಬ್ಯಾಟರಿ ಬಿಟ್ಟರೆ ಸೊಳ್ಳೆಗಳು ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ಒಂದನ್ನು ಒತ್ತಿದ. ಬೆರಳು ಕೆಂಪಾಯಿತು.

"ನೋಡ್ರಿ, ನನ್ನ ಸೊಸಿ ರಕ್ತ!" ಅಂದ ಅಣ್ಣ.

"ನಿನ್ನ ಮನಿಯಾಗ ಅಷ್ಟ್ ರಕ್ತ ಎಲ್ಲೈತಿ? ಅದು ನನ್ನ ಎತ್ತಿಂದು."

"ನಿನಗ ಹೇಳಿತೇನು ಸೊಳ್ಳಿ?"

"ನಿನಗ ಹೇಳಿತೇನು?"

ಅವನು ನನ್ನ ಎದೆಗೆ ಕೈ ಹಚ್ಚಿದ, ನಾನು ಅವನ ಅಂಗಿ ಹಿಡಿದೆ. ಸತ್ತ ಸೊಳ್ಳೆಯ ಸಲುವಾಗಿ ಒಡಹುಟ್ಟಿದವರು.

"ಬಿಡ್ರೀ!" ಅಂದ ಇಲಾಖೆಯವನು. "ಕಣ್ಣಿಲೆ ನೋಡಿ ಯಾರ ರಕ್ತ ಅಂತ ತಿಳಿಯೂದಿಲ್ಲ. ಈ ಸೊಳ್ಳಿಗೆ ದನದ ರಕ್ತಾನ ಹೆಚ್ಚು ಸೇರ್ತದ, ದನಕ್ಕ ಈ ಜ್ವರ ಬರೂದಿಲ್ಲ, ಅದು ಖರೆ."

ನಾನು ಮೀಸೆ ತಿರುವಿದೆ.

"ಆದ್ರ ಎತ್ತಿನ ವಾಸನಿಗೆ ಬಂದದ್ದು ಎಲ್ಲಾ ಎತ್ತಿಗೇ ಕಡಿಯೂದಿಲ್ರಿ. ಬಾಜೂಕ ಮಲಗಿದವ್ರನ್ನೂ ಕಡೀತದ, ಸಂದಿನಾಗಿಂದ ಆಚೆನೂ ಹೋಗ್ತದ. ಎತ್ತಿಗೆ ದೂರ ಒಂದು ಕೊಟ್ಟಿಗಿ ಹಾಕ್ರಿ, ಆ ಕೊಟ್ಟಿಗಿಗೂ ಔಷಧಿ ಹೊಡಸ್ರಿ. ಆಕಿಗೆ ಸೊಳ್ಳಿಪರದೆ ಕಟ್ರಿ. ಜ್ವರ ಮತ್ತೊಮ್ಮೆ ಬಂದ್ರ ಕೂಸಿಗೂ ಅಪಾಯ ಐತಿ."

ಈಗ ಅಣ್ಣ ಹಲ್ಲು ಕಿರಿದ. ಆ ಹಲ್ಲು ನೋಡಿ, ಎತ್ತು ಕದಲೂದಿಲ್ಲ ಅಂದುಬಿಟ್ಟೆ.

ಮರುದಿನ ಸೊಸೆಯೇ ಕೌದಿ ಹೊದ್ದು ನನ್ನ ಬಾಗಿಲಿಗೆ ಬಂದಳು. ಹಲ್ಲು ಕಟಕಟ ಅನ್ನುತ್ತಿದ್ದವು. "ಸಣ್ಣ ಮಾವಾರ, ನಿಮ್ಮಿಬ್ಬರ ನಡುವ ಗೆದ್ದವ್ರು ಯಾರಂತ ಆಮೇಲೆ ನೋಡ್ಕೋರಿ. ನನಗ ಈ ಕೂಸು ಬೇಕ್ರಿ."

ಹಾರೆ ತಗೊಂಡು ಹಿತ್ತಲು ದಾಟಿ, ಹೊಲದ ಬದುವಿಗೆ ಹೋಗಿ ಕೊಟ್ಟಿಗೆಯ ಕಂಬಕ್ಕೆ ತೆಗ್ಗು ತೋಡತೊಡಗಿದೆ.

ಅಣ್ಣ ಬಂದು ನಿಂತ. "ಕಡೀಕ ನನ್ನ ಮಾತು ಕೇಳಿದಿಯಲ್ಲ."

"ನಿನ್ನ ಮಾತಿಗೆ ನಾ ಒಂದು ಹಗ್ಗಾನೂ ಬಿಚ್ಚೂದಿಲ್ಲ. ಆ ಹುಡುಗಿ ಸಲುವಾಗಿ ಇದು. ಕಂಬ ಹಿಡಿ, ಇಲ್ಲಾ ಮನಿಗೆ ನಡಿ."

ಹಿಡಿದ. ಸೊಟ್ಟಗೆ ಹಿಡಿದ, ಬೇಕಂತಲೇ.