ಕಿಟಕಿಗೆ ಹಿಡಿದ ಗ್ರಾಫ್ ಹಾಳೆ

ಗಿಣಿಗೇರಾ ಹತ್ತಿರದ ಕಾರ್ಖಾನೆಯ ಲ್ಯಾಬಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದರು. ಕರಗಿದ ಕಬ್ಬಿಣದ ಶಾಖವನ್ನು ಪಾಳಿಯುದ್ದಕ್ಕೂ ಗ್ರಾಫ್ ಹಾಳೆಯಲ್ಲಿ ಗುರುತಿಸುವುದು ಅವರ ಕೆಲಸ. ಚುಕ್ಕೆ ಇಡುವ ಮುನ್ನ ಪೆನ್ಸಿಲ್ಲಿನ ತುದಿಯನ್ನು ಹೆಬ್ಬೆರಳಿನ ಉಗುರಿಗೆ ಒತ್ತಿ ನೋಡುತ್ತಿದ್ದರು. ಯಾರಾದರೂ ಬಗ್ಗಿ ಇಣುಕಿದರೆ ಒಂದೇ ಮಾತು: “ಮೊದಲ ಅಳತಿ ನೋಡ್ರಿ, ಆಮ್ಯಾಲ ಗೆರಿ ನೋಡ್ರಿ.”

ಕಂಪ್ಯೂಟರ್ ಬಂದ ವಾರ ಅವರ ಒಂದು ಪಾಳಿಯ ಅಂಕಿಗಳನ್ನು ರಿಜಿಸ್ಟರ್ ನೋಡಿ ನಾನು ಅದಕ್ಕೆ ತುಂಬಿದೆ. ಪರದೆಯ ಮೇಲೆ ಗೆರೆ ಅಂಜನಾದ್ರಿ ಬೆಟ್ಟದ ಹಾಗೆ ಎದ್ದು ನಿಂತಿತು. ಹೊಸದಾಗಿ ಬಂದಿದ್ದ ಮ್ಯಾನೇಜರು ಗಾಬರಿಯಾಗಿ, ಫರ್ನೇಸ್ ನಿಲ್ಲಿಸಲು ಹೇಳಬೇಕೆಂದು ಫೋನೆತ್ತಿದರು.

“ಮೊದಲ ಅಳತಿ ನೋಡ್ರಿ ಸಾಹೇಬ್ರ,” ಎಂದು ಹಿರಿಯರು ಪರದೆಯ ಎಡ ಅಂಚಿನ ಅಂಕಿಗಳಿಗೆ ಪೆನ್ಸಿಲ್ ಮುಟ್ಟಿಸಿದರು. ಐದಾರು ಡಿಗ್ರಿಯ ಏರಿಳಿತವನ್ನೇ ಕಂಪ್ಯೂಟರ್ ಪರದೆ ತುಂಬ ಎಳೆದಿತ್ತು. ಮ್ಯಾನೇಜರು ಫೋನಿಟ್ಟರು.

ಇನ್ನು ಕಂಪ್ಯೂಟರ್ ಮೂಲೆ ಸೇರಿತು ಅಂದುಕೊಂಡೆ. ಹಿರಿಯರು ಅದರ ಮುಂದೆಯೇ ಕುರ್ಚಿ ಎಳೆದುಕೊಂಡು ಕೂತರು. “ಇದಕ್ಕೂ ನಮ್ಮ ಅಳತಿ ಕೊಡ್ರಿ.”

ಕೊಟ್ಟು, ಮುದ್ರಿಸಿದೆ. ಆ ಹಾಳೆಯನ್ನು ತಮ್ಮ ಗ್ರಾಫಿನ ಮೇಲಿಟ್ಟು ಕಿಟಕಿಯ ಗಾಜಿಗೆ ಹಿಡಿದರು. ಬಿಸಿಲಿನಲ್ಲಿ ಎರಡು ಗೆರೆಗಳೂ ಒಂದರ ಮೇಲೊಂದು ಕೂತವು, ಒಂದೇ ಒಂದು ಚುಕ್ಕೆಯ ಹೊರತು. ನಾನೇ ತಪ್ಪು ತುಂಬಿದೆನೇನೋ ಎಂದು ರಿಜಿಸ್ಟರ್ ತೆಗೆದುಕೊಟ್ಟೆ. ಅವರು ಆ ಚುಕ್ಕೆಯ ಅಂಕಿಯನ್ನು ಎರಡು ಸಲ ಓದಿದರು.

“ಇಲ್ಲಿ ನಾ ತಪ್ಪೀನ್ರಿ.”

ಜೇಬಿನಿಂದ ರಬ್ಬರ್ ತೆಗೆದು ತಮ್ಮ ಚುಕ್ಕೆಯನ್ನು ಅಳಿಸಿದರು. ರಬ್ಬರು ಹಳತಾಗಿ ಹಳದಿಗಟ್ಟಿತ್ತು. ಅದರ ನಾಲ್ಕು ಮೂಲೆಗಳೂ ಅಲ್ಲಿಯವರೆಗೆ ಅಂಗಡಿಯಿಂದ ತಂದ ದಿನದಂತೆಯೇ ಚೂಪಾಗಿದ್ದವು.